ತುಂಗಭದ್ರಾ ಹಿನ್ನೀರಿನ ತಳದ ಜೀವಿಗಳು: ಹರಿಗೋಲಿನಿಂದ ಕ್ಯಾಮೆರಾ ಇಳಿಸಿದರೆ ಬರೀ ಕಂದು ಮಂಜು

ಕುಷ್ಟಗಿ_ಜೀವಶಾಸ್ತ್ರ:

ಕೊಪ್ಪಳ ಕಡೆಯ ತುಂಗಭದ್ರಾ ಹಿನ್ನೀರಿನಲ್ಲಿ ತಳದ ಜೀವಿಗಳ ಸಮೀಕ್ಷೆ, ಎಂಎಸ್ಸಿ ಪ್ರಾಜೆಕ್ಟಿಗೆ. ಗುರಿ ಇಷ್ಟೇ: ಕಪ್ಪೆಚಿಪ್ಪು, ಬಸವನಹುಳು, ಕಲ್ಲಿಗೆ ಅಂಟಿಕೊಂಡ ಸ್ಪಂಜು, ತಳದಲ್ಲೇ ಓಡಾಡುವ ಮೀನು. ಆಳ 2ರಿಂದ 10 ಮೀಟರ್. ದೋಣಿ ಎಂದರೆ ಬಾಡಿಗೆ ಹರಿಗೋಲು, ಎಂಜಿನ್ ಇಲ್ಲ. ಕ್ಯಾಮೆರಾ ಗೋಪ್ರೋ, 60 ಮೀಟರ್ ಆಳ ತಡೆಯುವ ಹೌಸಿಂಗ್ (ನೀರು ಹೋಗದ ಹೊರಕವಚ) ಇದೆ.

ಸಮುದ್ರತಳಕ್ಕೆ ಡ್ರಾಪ್ ಕ್ಯಾಮೆರಾ ಇಳಿಸುವ ಕ್ರಮವನ್ನೇ ಅನುಸರಿಸಿ 50×50 ಸೆಂ.ಮೀ. ಪಿವಿಸಿ ಫ್ರೇಮ್ ಕಟ್ಟಿ, ಕ್ಯಾಮೆರಾ 60 ಸೆಂ.ಮೀ. ಎತ್ತರದಲ್ಲಿಟ್ಟು ಇಳಿಸಿದೆ. ಬಂದದ್ದೆಲ್ಲ ಕಂದು ಬಣ್ಣದ ಮಂಜು. ಟಾರ್ಚ್ ಕಟ್ಟಿದ ಮೇಲೆ ಇನ್ನೂ ಕೆಟ್ಟಿತು, ಚಿತ್ರದ ತುಂಬ ಬಿಳಿ ಚುಕ್ಕೆ. ಹರಿಗೋಲು ತಿರುಗಿದಂತೆ ಫ್ರೇಮೂ ತಿರುಗುತ್ತದೆ. ವೈಫೈನಲ್ಲಿ ಮೊಬೈಲಿಗೆ ಚಿತ್ರ ಬರುತ್ತದೆಂದು ನಂಬಿದ್ದೆ, ನೀರಿಗಿಳಿದ ಕೂಡಲೇ ಸಂಪರ್ಕ ಹೋಯಿತು. ಕ್ಯಾಮೆರಾ ಬದಲಿಸಬೇಕೋ, ಫ್ರೇಮ್ ಬದಲಿಸಬೇಕೋ, ಅಥವಾ ಈ ನೀರಿನಲ್ಲಿ ಇದು ಆಗುವ ಕೆಲಸವೇ ಅಲ್ಲವೋ? ತಿಳಿದವರು ಬಿಡಿಸಿ ಹೇಳಿ.

ಮುನಿರಾಬಾದ್ ದಂಡೆ:

ಟಾರ್ಚ್ ಕಟ್ಟಿದ ಮ್ಯಾಲ ಕೆಟ್ಟಿತು ಅಂದ್ರಲ್ಲ, ಉತ್ತರ ಅಲ್ಲೇ ಐತಿ. ಟಾರ್ಚ್ ಲೆನ್ಸಿನ ಮಗ್ಗುಲಕ್ಕೇ ಕಟ್ಟಿರ್ತೀರಿ. ಲೆನ್ಸಿನ ಮುಂದ ತೇಲೋ ಹೂಳಿನ ಕಣಕ್ಕ ಬೆಳಕು ಬಡಿದು ಸೀದಾ ಲೆನ್ಸಿಗೇ ವಾಪಸ್ ಬರ್ತೈತಿ. ಮಂಜಿನಾಗ ಲಾರಿಯ ಹೈಬೀಮ್ ಹಾಕಿದಂಗ. ಟಾರ್ಚ್ ಎರಡು ಬೇಕು, ಲೆನ್ಸಿನಿಂದ 20-25 ಸೆಂ.ಮೀ. ದೂರ, ಎಡಕ್ಕೊಂದು ಬಲಕ್ಕೊಂದು, ಹೊರಗಿಂದ ಒಳಕ್ಕ ಓರೆ. ಎರಡೂ ಬೆಳಕು ಕೂಡೋ ಜಾಗ ತಳದ ಮ್ಯಾಲೇ ಇರಬೇಕು, ಲೆನ್ಸಿನ ಮುಂದಿನ ನೀರಾಗಲ್ಲ. ಟಾರ್ಚಿನ ಗಾಜಿನ ಮ್ಯಾಲ ಹಾಲಿನ ಬಣ್ಣದ ತೆಳು ಪ್ಲಾಸ್ಟಿಕ್ ಅಂಟಿಸ್ರಿ, ನಡುವಿನ ಬಿಳಿ ಗುಂಡು ಚದರಿ ಹೋಗ್ತೈತಿ. ಸಮುದ್ರಕ್ಕಂತ ಮಾರೋ ಕೆಂಪು ಫಿಲ್ಟರ್ ಇದ್ರ ತೆಗೀರಿ. ನೀಲಿ ಸಮುದ್ರದಾಗ ಮೊದಲು ಕೆಂಪು ಬೆಳಕು ಸಾಯ್ತೈತಿ, ಅದಕ್ಕ ಆ ಫಿಲ್ಟರ್. ನಮ್ಮ ಕಂದು ನೀರಾಗ ಮೊದಲು ಸಾಯೋದು ನೀಲಿ. ಇಲ್ಲಿ ಆ ಫಿಲ್ಟರ್ ಇರೋ ಬೆಳಕನ್ನೂ ನುಂಗ್ತೈತಿ.

ಕ್ಯಾಮೆರಾ ಮುಟ್ಟೋಕಿಂತ ಮೊದಲು ನೀರು ಎಷ್ಟು ತಿಳಿ ಐತಿ ಅಂತ ಅಳೀರಿ. 20 ಸೆಂ.ಮೀ. ಅಗಲದ ಕಪ್ಪು-ಬಿಳಿ ಸೆಕಿ ತಟ್ಟೆಯನ್ನ ಹರಿಗೋಲಿನ ನೆರಳಿನ ಕಡೆ ಇಳಿಸಿ, ಕಾಣದಂಗ ಆಗೋ ಆಳ ಮತ್ತ ಎತ್ತುವಾಗ ಕಾಣೋ ಆಳ, ಎರಡರ ಸರಾಸರಿಯೇ ಸೆಕಿ ಆಳ. ಅದು 1.8 ಮೀಟರ್ ದಾಟಿದ್ರ ನಿಮ್ಮ ಈಗಿನ ಫ್ರೇಮೇ ಸಾಕು. ಚಿತ್ರ ಸ್ಪಷ್ಟ ಬರಬೇಕಂದ್ರ ಲೆನ್ಸಿನಿಂದ ತಳಕ್ಕಿರೋ ದೂರ, ಕಣ್ಣಿಗೆ ಕಾಣೋ ದೂರದ ಮೂರನೇ ಒಂದು ಪಾಲು ಮೀರಬಾರದು. ಸೆಕಿ 60 ಸೆಂ.ಮೀ. ಇದ್ದಾಗ 60 ಸೆಂ.ಮೀ. ಎತ್ತರದಿಂದ ತಗದ್ರ ಮಂಜಲ್ಲದ ಬ್ಯಾರೆ ಏನು ಬರ್ತೈತಿ? ಇನ್ನೊಂದು, ಸೆಕಿ ಹೇಳೋದು ಮೇಲಿನ ನೀರಿನ ಮಾತು. ತಳದ ಮ್ಯಾಲಿನ ಅರ್ಧ ಮೀಟರ್ ಯಾವಾಗಲೂ ಅದಕ್ಕಿಂತ ರಾಡಿ ಅಂತ ಹಿಡಕೊಂಡೇ ಲೆಕ್ಕ ಹಾಕ್ರಿ.

ಕಾಲ ನೋಡ್ರಿ. ಆಗಸ್ಟ್-ಸೆಪ್ಟೆಂಬರ್‌ನಾಗ ಮಲೆನಾಡಿನ ಮಳಿ ನೀರು ಕೆಂಪಗ ಬಂದು ತುಂಬಿರ್ತೈತಿ, ಆಗ ಕ್ಯಾಮೆರಾ ಮನ್ಯಾಗ ಇರಲಿ. ಹೂಳು ಕುಂತ ಮ್ಯಾಲ, ನವೆಂಬರ್ ನಡುವಿನಿಂದ ಫೆಬ್ರವರಿ ತನಕ ಕೆಲಸ. ಏಪ್ರಿಲ್ ಹೊತ್ತಿಗೆ ನೀರು ಇಳಿದು, ಗಾಳಿಗೆ ತೆಳು ನೀರಿನ ತಳ ಕಲಕಿ ಮತ್ತ ರಾಡಿ. ಕೆಲವು ವರ್ಷ ನೀರು ಹಸರು ಬಣ್ಣ ಕಲಸಿದಂಗ ಆಗ್ತೈತಿ, ಅದು ಪಾಚಿ. ಆ ದಿನ ಕೆಲಸ ಬಿಡ್ರಿ, ಆ ನೀರು ಬಾಯಿಗೂ ಹೋಗಬಾರದು. ಚಳಿಗಾಲದಾಗೂ ಬೆಳಗಿನ 9ರ ಒಳಗೇ ಮುಗಸ್ರಿ. ಗಾಳಿ ಎದ್ದ ಮ್ಯಾಲ ಹರಿಗೋಲು ನಿಲ್ಲಂಗಿಲ್ಲ.

ತಿರುಗೋದಕ್ಕ: ಎರಡು ಹರಿಗೋಲು ಅರ್ಧ ಮೀಟರ್ ಬಿಟ್ಟು ಅಕ್ಕಪಕ್ಕ ಇಟ್ಟು, ಮ್ಯಾಲ ಎರಡು ಬಿದಿರಿನ ಗಳ ಅಡ್ಡ ಕಟ್ಟಿ ಜೋಡಿ ಮಾಡ್ರಿ. ನಡುವಿನ ಸಂದಿನಾಗ ಕ್ಯಾಮೆರಾ ಇಳಸ್ರಿ. ದುಂಡು ಹರಿಗೋಲು ಒಂದೇ ಇದ್ರ ಬುಗುರಿ, ಜೋಡಿ ಆದ್ರ ತೆಪ್ಪ. ಒಬ್ರೇ ಅಂಚಿಗೆ ಬಗ್ಗಿ ಫ್ರೇಮ್ ಎತ್ತೋ ಅಪಾಯಾನೂ ತಪ್ತೈತಿ. ಗಾಳಿ ಬರೋ ದಿಕ್ಕಿಗೆ ಒಂದು ಲಂಗರು, ಆಳದ ಮೂರು ಪಟ್ಟಾದ್ರೂ ಹಗ್ಗ ಬಿಡ್ರಿ. ಲಂಗರು ಬಿದ್ದಲ್ಲೇ ಕ್ಯಾಮೆರಾ ಇಳಸಬ್ಯಾಡ್ರಿ, ಅಲ್ಲಿ ತಳ ಆಗಲೇ ಕಲಕಿರ್ತೈತಿ.

ವೈಫೈ ಬಗ್ಗೆ: ಆ ರೇಡಿಯೊ ತರಂಗ ನೀರಾಗ ಕೆಲವು ಸೆಂಟಿಮೀಟರ್ ದಾಟಂಗಿಲ್ಲ, ಯಾವ ಕ್ಯಾಮೆರಾ ತಂದ್ರೂ ಅಷ್ಟ. ಕಣ್ಣಿಗೆ ನೇರ ಚಿತ್ರ ಬೇಕಂದ್ರ ತಂತಿ ಇರೋ ಮೀನುಗಾರಿಕೆ ಕ್ಯಾಮೆರಾ, 20 ಮೀಟರ್ ಕೇಬಲ್, ಸಣ್ಣ ಮಾನಿಟರ್ ಇರೋದು ಗೋಪ್ರೋ ಮಗ್ಗುಲಕ್ಕ ಕಟ್ರಿ. ತಳ ಬಂತೋ ಇಲ್ಲೋ ನೋಡಾಕ ಅದು, ಎಣಿಸಾಕ ಗೋಪ್ರೋ. ಕೇಬಲ್ ಮ್ಯಾಲ ಭಾರ ಬೀಳಬಾರದು. ಭಾರ ಹಗ್ಗದ್ದು, ಕೇಬಲ್ ಮೀಟರಿಗೊಂದು ಕಡೆ ಸಡಿಲ ಬಿಟ್ಟು ಹಗ್ಗಕ್ಕ ಟೇಪ್ ಸುತ್ತಬೇಕು.

ತೋರಣಗಲ್ಲು ವರ್ಕ್‌ಶಾಪ್:

ಮೇಲಿನವರು ಹೇಳಿದ್ದು ಸರಿ. ಫ್ರೇಮ್ ಬಗ್ಗೆ ನಾನು ಹೇಳುತ್ತೇನೆ.

ಮೊದಲ ತಪ್ಪು ಹಗ್ಗದಲ್ಲೇ ಇರಬಹುದು. ಮೂರು ಎಳೆ ಹುರಿದ ನೈಲಾನ್ ಹಗ್ಗ ಭಾರ ಬಿದ್ದಾಗ ತಾನೇ ಬಿಚ್ಚಿಕೊಳ್ಳುತ್ತಾ ತಿರುಗುತ್ತದೆ, ಹರಿಗೋಲು ನಿಂತರೂ ಫ್ರೇಮ್ ತಿರುಗುತ್ತದೆ. 8 ಮಿ.ಮೀ. ಹೆಣೆದ ಪಾಲಿಯೆಸ್ಟರ್ ಹಗ್ಗ ತನ್ನಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ, ಸಡಿಲ ಬಿಟ್ಟಾಗ ಲೂಪ್ ಆಗಿ ಲೆನ್ಸಿನ ಮುಂದೆ ಬರುತ್ತದೆ. ಮೀಟರಿಗೊಂದು ಬಣ್ಣದ ಟೇಪ್, 5 ಮೀಟರಿಗೆ ಎರಡು ಸುತ್ತು. ಫ್ರೇಮಿನ ಒಂದು ಬದಿಗೆ 20×30 ಸೆಂ.ಮೀ. ಪ್ಲಾಸ್ಟಿಕ್ ಹಾಳೆಯನ್ನು ಬಾಲದಂತೆ ನಿಲ್ಲಿಸಿ ಕಟ್ಟಿ, ಸ್ವಲ್ಪವೇ ಹರಿವಿದ್ದರೂ ಫ್ರೇಮ್ ಒಂದೇ ದಿಕ್ಕಿಗೆ ನಿಲ್ಲುತ್ತದೆ.

ಪಿವಿಸಿ ಪೈಪಿನ ಎರಡೂ ತುದಿ ಮುಚ್ಚಿದ್ದರೆ ಗಾಳಿ ಉಳಿದು ಫ್ರೇಮ್ ಒಂದು ಕಡೆಗೆ ವಾಲುತ್ತದೆ. ಪ್ರತಿ ತುಂಡಿಗೂ ಮೇಲೊಂದು ಕೆಳಗೊಂದು 6 ಮಿ.ಮೀ. ರಂಧ್ರ ಕೊರೆಯಿರಿ. ನನ್ನ ಕೈಯಲ್ಲಾದರೆ ಪಿವಿಸಿ ಬಿಟ್ಟು 8 ಮಿ.ಮೀ. ಕಬ್ಬಿಣದ ಸರಳಿನಲ್ಲೇ ವೆಲ್ಡ್ ಮಾಡಿ, ಪ್ರೈಮರ್ ಮೇಲೆ ಮ್ಯಾಟ್ ಕಪ್ಪು ಬಣ್ಣ ಹೊಡೆಯುತ್ತೇನೆ. ಬಿಳಿ ಪೈಪು ಟಾರ್ಚ್ ಬೆಳಕಿಗೆ ಹೊಳೆದು ಕ್ಯಾಮೆರಾದ ಎಕ್ಸ್‌ಪೋಷರನ್ನೇ ದಾರಿ ತಪ್ಪಿಸುತ್ತದೆ, ತಳ ಕಪ್ಪಾಗಿ ಬೀಳುತ್ತದೆ.

ಈ ನೀರಿಗೆ 50×50 ಬೇಡ, 25×25 ಮಾಡಿ. 0.0625 ಚದರ ಮೀಟರ್, 16 ಚಿತ್ರ ಸೇರಿದರೆ ಒಂದು ಚದರ ಮೀಟರ್. ಎತ್ತರದ ಲೆಕ್ಕ ಹೀಗೆ: ಚಪ್ಪಟೆ ಗಾಜಿನ ಹೌಸಿಂಗ್‌ನಲ್ಲಿ ನೀರಿನ ವಕ್ರೀಭವನ ಸೂಚ್ಯಂಕ 1.33, ಆದ್ದರಿಂದ ನೋಟದ ಕೋನ ಕಿರಿದಾಗುತ್ತದೆ. ನೀರಿನೊಳಗೆ ಉದ್ದ ಬದಿಯ ಕೋನ 60 ಡಿಗ್ರಿ ಉಳಿಯಿತೆಂದರೆ, ಕಾಣುವ ಅಗಲ ಎತ್ತರದ 1.15 ಪಟ್ಟು. 4:3 ಚಿತ್ರದ ಗಿಡ್ಡ ಬದಿಯಲ್ಲಿ 25 ಸೆಂ.ಮೀ. ಹಿಡಿಯಬೇಕಾದರೆ ಉದ್ದ ಬದಿ 33 ಸೆಂ.ಮೀ., ಎತ್ತರ 29 ಸೆಂ.ಮೀ. ನಿಮ್ಮ ಕ್ಯಾಮೆರಾದ ಕೋನ ಬೇರೆ ಇರಬಹುದು, ಮನೆಯ ನೀರಿನ ತೊಟ್ಟಿಯಲ್ಲಿ ಸ್ಕೇಲ್ ಇಟ್ಟು ಅಳೆದುಕೊಳ್ಳಿ. ಗಾಳಿಯಲ್ಲಿ ಅಳೆದ ಲೆಕ್ಕ ನೀರಿನಲ್ಲಿ ನಡೆಯುವುದಿಲ್ಲ. 'ಲೀನಿಯರ್' ಮೋಡ್ ಇಡಿ, 'ವೈಡ್' ಇಟ್ಟರೆ ಅಂಚು ಬಾಗಿ ಅಳತೆ ಕೆಡುತ್ತದೆ.

ಸೆಕಿ ಅರ್ಧ ಮೀಟರಿಗಿಂತ ಕಡಿಮೆ ಇದ್ದರೆ ಯಾವ ಟಾರ್ಚೂ ನೆರವಿಗೆ ಬರುವುದಿಲ್ಲ. ಆಗ ಉಳಿಯುವ ಉಪಾಯ ಶುದ್ಧ ನೀರಿನ ಪೆಟ್ಟಿಗೆ. ಲೆನ್ಸಿಗೂ ತಳಕ್ಕೂ ನಡುವೆ ಇರುವ ರಾಡಿ ನೀರನ್ನು ಹೊರಗೆ ತಳ್ಳಿ, ಆ ಜಾಗದಲ್ಲಿ ತಿಳಿನೀರು ತುಂಬಿದ ಪಾರದರ್ಶಕ ಡಬ್ಬಿ ಕೂರಿಸುವುದು. ರಾಡಿ ಸಮುದ್ರದಲ್ಲೂ ಇದನ್ನೇ ಮಾಡುತ್ತಾರೆ. ತಳಕ್ಕೆ 5 ಮಿ.ಮೀ. ಅಕ್ರಿಲಿಕ್, 30×30 ಸೆಂ.ಮೀ.; ಬಾಯಿ 10×10; ಎತ್ತರ 25. ನೆಟ್ಟಗೆ ಚೌಕ ಡಬ್ಬಿ ಮಾಡಿದರೆ ಇಪ್ಪತ್ತೆರಡೂವರೆ ಲೀಟರ್ ನೀರು ಹಿಡಿದು ಹರಿಗೋಲಿಗೆ ಎತ್ತುವಾಗ ಸೊಂಟ ಮುರಿಯುತ್ತದೆ. ಮೇಲಕ್ಕೆ ಕಿರಿದಾಗಿಸಿದರೆ ಸುಮಾರು 11 ಲೀಟರ್. ನೀರೊಳಗಿದ್ದಾಗ ಆ ನೀರಿಗೆ ತೂಕವೇ ಇಲ್ಲ, ಮೇಲೆ ಬಂದಾಗ ಮಾತ್ರ ತೂಕ. ಪಕ್ಕದ ನಾಲ್ಕು ಹಲಗೆ ಕಪ್ಪು ಅಕ್ರಿಲಿಕ್ ಆಗಲಿ. ಟಾರ್ಚ್ ಪೆಟ್ಟಿಗೆಯ ಹೊರಗೆ, ತಳದ ಅಂಚಿನ ಹತ್ತಿರ.

ಒಳಗೆ ಕುದಿಸಿ ಆರಿಸಿದ ನೀರು ತುಂಬಿ. ಆರ್‌ಒ ನೀರನ್ನು ಹಾಗೇ ಸುರಿದರೆ, ಬಿಸಿಲಿಗೆ ಬೆಚ್ಚಗಾಗುತ್ತಿದ್ದಂತೆ ಕರಗಿದ್ದ ಗಾಳಿ ಗುಳ್ಳೆಗಟ್ಟಿ ಒಳಗಿನ ಹಲಗೆಗೆ ಮೆತ್ತಿಕೊಳ್ಳುತ್ತದೆ, ಚಿತ್ರದಲ್ಲಿ ಅದೇ ಬಸವನಹುಳುವಿನ ಮೊಟ್ಟೆಯಂತೆ ಕಾಣುತ್ತದೆ. ಬಾಯಿಯ ಹತ್ತಿರ ಒಂದು ಸಣ್ಣ ನಳಿಕೆ ತೆರೆದಿರಬೇಕು. ಪೂರ್ತಿ ಮುಚ್ಚಿ ಒಳಗೆ ಒಂದಿಷ್ಟು ಗಾಳಿ ಉಳಿಯಿತೋ, 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಆ ಗಾಳಿ ಅರ್ಧಕ್ಕೆ ಕುಗ್ಗಿ ಅಂಟು ಬಿಚ್ಚುತ್ತದೆ.

ರಾಯಚೂರು_ಹೂಳುಜರಡಿ:

ತೋರಣಗಲ್ಲು ಅವರೇ, 29 ಸೆಂ.ಮೀ. ಲೆಕ್ಕ ಕೋನದ ಮಟ್ಟಿಗೆ ಸರಿ, ಫೋಕಸ್ ಮಟ್ಟಿಗೆ ತಪ್ಪು. ಆಕ್ಷನ್ ಕ್ಯಾಮೆರಾಗಳು ಬಹುತೇಕ ಸ್ಥಿರ ಫೋಕಸಿನವು, ಸುಮಾರು 30 ಸೆಂ.ಮೀ.ಗಿಂತ ಹತ್ತಿರದ್ದು ಮಸುಕು. ನೀರೊಳಗೆ ವಸ್ತು ಮುಕ್ಕಾಲು ದೂರದಲ್ಲಿದ್ದಂತೆ ಕಾಣುತ್ತದೆ. 29 ಸೆಂ.ಮೀ.ನಲ್ಲಿರುವ ಚಿಪ್ಪು ಲೆನ್ಸಿಗೆ 22 ಸೆಂ.ಮೀ.ನಲ್ಲಿದ್ದಂತೆ. ದೊಡ್ಡ ಕಪ್ಪೆಚಿಪ್ಪು ಗುರುತು ಸಿಗಬಹುದು, ಒಂದು ಸೆಂಟಿಮೀಟರ್ ಬಸವನಹುಳು ಸಿಗುವುದಿಲ್ಲ. ಪರಿಹಾರ ಎರಡು. ಒಂದು, +4 ಶಕ್ತಿಯ ಕ್ಲೋಸಪ್ ಲೆನ್ಸನ್ನು ಹೌಸಿಂಗ್ ಒಳಗೆ ಕೂರಿಸುವುದು. ಒಳಗೇ ಇರಬೇಕು, ಸಾಧಾರಣ ಕ್ಲೋಸಪ್ ಗಾಜಿಗೆ ನೀರು ತಾಗಿದರೆ ಅದರ ಶಕ್ತಿ ಬಹುಪಾಲು ಹೋಗುತ್ತದೆ. ಎರಡು, ಹತ್ತಿರದ ಫೋಕಸ್ ಇರುವ ಕ್ಯಾಮೆರಾ ಹುಡುಕುವುದು. ಒಲಿಂಪಸ್ ಟಿಜಿ-6 ಹೌಸಿಂಗ್ ಇಲ್ಲದೆಯೇ 15 ಮೀಟರ್ ತಡೆಯುತ್ತದೆ, ಮೈಕ್ರೋಸ್ಕೋಪ್ ಮೋಡ್‌ನಲ್ಲಿ ಲೆನ್ಸಿನಿಂದ 1 ಸೆಂ.ಮೀ. ತನಕ ಫೋಕಸ್ ಆಗುತ್ತದೆ. ಆದರೆ ಅದು ಆಟೋಫೋಕಸ್. ತೇಲುವ ಕಣದ ಮೇಲೆ ಹೋಗಿ ಕೂರದಂತೆ ಮೊದಲೇ ಫೋಕಸ್ ಲಾಕ್ ಮಾಡಿ ಇಳಿಸಬೇಕು.

ಇನ್ನು ಕುಷ್ಟಗಿ ಅವರಿಗೆ. ಚಿತ್ರ ಸ್ಪಷ್ಟವಾದರೂ ಸಮೀಕ್ಷೆ ಆಗಲಿಕ್ಕಿಲ್ಲ, ಇದನ್ನು ದಯವಿಟ್ಟು ಈಗಲೇ ಯೋಚಿಸಿ. ಕ್ಯಾಮೆರಾ ತೋರಿಸುವುದು ತಳದ ಮೇಲ್ಮೈ ಮಾತ್ರ. ಮೆತ್ತನೆ ಹೂಳಿನ ಜೀವಿಗಳಲ್ಲಿ ಹೆಚ್ಚಿನವು ಒಳಗಿರುತ್ತವೆ: ಟ್ಯೂಬಿಫೆಕ್ಸ್ ಜಾತಿಯ ಹುಳು, ಕೈರೊನೊಮಸ್ ನೊಣದ ಕೆಂಪು ಮರಿಹುಳು. ಲ್ಯಾಮೆಲ್ಲಿಡೆನ್ಸ್ ಕಪ್ಪೆಚಿಪ್ಪು ಸಹ ಅರ್ಧಕ್ಕಿಂತ ಹೆಚ್ಚು ಹೂತುಕೊಂಡು, ಹೊರಗೆ ಕಾಣುವುದು ನೀರೆಳೆಯುವ ಒಂದು, ಹೊರಬಿಡುವ ಒಂದು, ಹೀಗೆ ಎರಡು ಸೀಳು ಬಾಯಿ ಅಷ್ಟೇ. ಆ ಜೋಡಿ ಸೀಳು ಕಂಡರೆ ಜೀವಂತ. ಚಿಪ್ಪು ಬಾಯಿ ತೆರೆದು ಅಂಗಾತ ಬಿದ್ದಿದ್ದರೆ ಸತ್ತದ್ದು. ಎರಡಕ್ಕೂ ಬೇರೆ ಕಾಲಂ ಇರಲಿ. ಹಿನ್ನೀರಿನಲ್ಲಿ ನೀರು ಇಳಿದಾಗ ದಂಡೆಯಲ್ಲೇ ಸತ್ತ ಚಿಪ್ಪು ರಾಶಿ ಬೀಳುತ್ತವೆ, ಮರುವರ್ಷ ಅವೇ ನೀರಡಿಗೆ ಹೋಗುತ್ತವೆ. ಕೂಡಿಸಿ ಎಣಿಸಿದರೆ ಲೆಕ್ಕವೆಲ್ಲ ಸುಳ್ಳು.

ಆದ್ದರಿಂದ ಪ್ರತಿ ಮೂರನೇ ಠಾಣೆಯಲ್ಲಾದರೂ (ಠಾಣೆ ಎಂದರೆ ಮಾದರಿ ತೆಗೆಯುವ ಜಾಗ) ಎಕ್ಮನ್ ಗ್ರ್ಯಾಬ್, ಅಂದರೆ ತಳದ ಹೂಳನ್ನು ಬಾಚಿ ಬಾಯಿ ಮುಚ್ಚಿಕೊಳ್ಳುವ ಪೆಟ್ಟಿಗೆ, ಹಾಕಿ. 15×15 ಸೆಂ.ಮೀ. ಬಾಯಿ, ಬಂದ ಸಂಖ್ಯೆಯನ್ನು 44ರಿಂದ ಗುಣಿಸಿದರೆ ಚದರ ಮೀಟರಿಗೆ. 500 ಮೈಕ್ರಾನ್ ಜರಡಿಯಲ್ಲಿ ತೊಳೆಯಿರಿ. ಕ್ಯಾಮೆರಾ ಕೆಲಸ ಮುಗಿದ ಮೇಲೆ ಗ್ರ್ಯಾಬ್, ಮೊದಲಲ್ಲ, ಅದೂ ಐದಾರು ಮೀಟರ್ ಆಚೆ. ಕಲ್ಲುತಳದಲ್ಲಿ ಎಕ್ಮನ್ ಬಾಯಿ ಮುಚ್ಚುವುದಿಲ್ಲ, ಅಲ್ಲಿ ಚಿತ್ರವೇ ಗತಿ. ಸ್ಪಂಜು ಸಿಗುವುದೂ ಅಲ್ಲೇ.

ಆಳವನ್ನು ಬರೀ ಮೀಟರಿನಲ್ಲಿ ಬರೆಯಬೇಡಿ. ಸಮುದ್ರದಲ್ಲಿ ಉಬ್ಬರವಿಳಿತದ ಕೋಷ್ಟಕ ನೋಡಿ ಸರಿಪಡಿಸುತ್ತಾರೆ, ಇಲ್ಲಿ ಜಲಾಶಯದ ಮಟ್ಟವೇ ತಿಂಗಳಿಂದ ತಿಂಗಳಿಗೆ ಹಲವು ಅಡಿ ಇಳಿಯುತ್ತದೆ. ಪೂರ್ಣ ಮಟ್ಟ 1633 ಅಡಿ. ದಿನದ ಮಟ್ಟ ಪತ್ರಿಕೆಯಲ್ಲಿ ಬರುತ್ತದೆ. ಆ ದಿನ 1625 ಅಡಿ ಇದ್ದು, ಹಗ್ಗ 6 ಮೀಟರ್ ಎಂದರೆ 19.7 ಅಡಿ ತೋರಿಸಿದರೆ, ತಳದ ಮಟ್ಟ 1605.3 ಅಡಿ. ಅದನ್ನು ಬರೆಯಿರಿ. ಆ ಜಾಗ ವರ್ಷದಲ್ಲಿ ಎಷ್ಟು ತಿಂಗಳು ನೀರಡಿ ಇರುತ್ತದೆ ಎಂಬುದು ಆಗ ಮಾತ್ರ ಗೊತ್ತಾಗುತ್ತದೆ, ಕಪ್ಪೆಚಿಪ್ಪಿಗೆ ಮುಖ್ಯವಾದದ್ದೂ ಅದೇ. ತಿಂಗಳು ನೋಡಿ ಹೋಲಿಸುವುದು ಮೋಸ. 2024ರ ಆಗಸ್ಟ್‌ನಲ್ಲಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ತುಂಬಿದ ಜಲಾಶಯದಿಂದ ಮಳೆಗಾಲದ ನಡುವೆಯೇ ನೀರು ಇಳಿಯಿತು. ಅಂಥ ವರ್ಷದ ಅಕ್ಟೋಬರನ್ನು ಬೇರೆ ಅಕ್ಟೋಬರಿನ ಪಕ್ಕ ಇಡಲಾಗದು.

ಠಾಣೆಗಳನ್ನು ತಳದ ಮಟ್ಟದ ಮೂರು ಪಟ್ಟಿಗಳಲ್ಲಿ ಹಂಚಿ, ಪಟ್ಟಿಗೆ 6 ಠಾಣೆ, ಠಾಣೆಗೆ 5 ಸಲ ಕ್ಯಾಮೆರಾ ಇಳಿತ, ಒಟ್ಟು 90. ವಿಶ್ಲೇಷಣೆ ಮಾಡುವಾಗ ನಿಮ್ಮ ಮಾದರಿ ಸಂಖ್ಯೆ 18, 90 ಅಲ್ಲ. ಒಂದೇ ಲಂಗರಿನ ಸುತ್ತ ತೆಗೆದ ಐದು ಚಿತ್ರ ಐದು ಸ್ವತಂತ್ರ ಮಾದರಿಗಳಾಗುವುದಿಲ್ಲ, ಪರೀಕ್ಷಕರು ಮೊದಲು ಹಿಡಿಯುವುದೇ ಇದನ್ನು.

ಕುಷ್ಟಗಿ_ಜೀವಶಾಸ್ತ್ರ:

ಎಲ್ಲರಿಗೂ ತುಂಬ ಉಪಕಾರ. ತಳದ ಮಟ್ಟದ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಮೂರು ಅನುಮಾನ ಉಳಿದಿವೆ. ಫ್ರೇಮ್ ತಳ ಮುಟ್ಟಿದ ಕೂಡಲೇ ಹೂಳು ಎದ್ದರೆ ಎಷ್ಟು ಹೊತ್ತು ಕಾಯಬೇಕು? ಮೀನು ಎಣಿಸಲು ಎರೆ ಕಟ್ಟಬಹುದೇ? ಸ್ಥಳ ಮತ್ತು ಚಿತ್ರ ಯಾವುದಕ್ಕೆ ಯಾವುದು ಎಂದು ಹೊಂದಿಸುವುದು ಹೇಗೆ?

ಮುನಿರಾಬಾದ್ ದಂಡೆ:

ಕಾದ್ರ ಆಗಂಗಿಲ್ಲ. ಹರಿಯೋ ಹೊಳ್ಯಾಗ ಅರ್ಧ ನಿಮಿಷದಾಗ ಹೂಳು ಸರಿದು ಹೋಗ್ತೈತಿ, ನಿಂತ ಹಿನ್ನೀರಾಗ ಅದು ಅಲ್ಲೇ ಕುಂತಿರ್ತೈತಿ. ಅದಕ್ಕ ಮುಟ್ಟದಂಗ ತಗೀಬೇಕು. ಫ್ರೇಮಿನ ಒಂದು ಮೂಲಿಯಿಂದ, ಚಿತ್ರದ ಅಂಚಿಗೆ ಮಾತ್ರ ಕಾಣೋ ಹಂಗ, ತೆಳು ದಾರಕ್ಕ ಅರ್ಧ ಕೆ.ಜಿ. ಸೀಸದ ಗುಂಡು ಇಳಿಬಿಡ್ರಿ. ಲೆನ್ಸಿನಿಂದ ಗುಂಡಿನ ತಳಕ್ಕ ಎಷ್ಟು ದೂರ ಬೇಕೋ ಅಷ್ಟು. ಕೊನೇ ಅರ್ಧ ಮೀಟರ್ ಸೆಕೆಂಡಿಗೆ 5 ಸೆಂ.ಮೀ.ಗಿಂತ ಜೋರು ಇಳಸಬ್ಯಾಡ್ರಿ. ಗುಂಡು ತಳ ಮುಟ್ಟಿದ್ದು ಮಾನಿಟರ್‌ನಾಗ ಕಾಣ್ತೈತಿ, ದಾರ ಸಡಿಲ ಆಗ್ತೈತಿ. ಅಲ್ಲೇ ಹಗ್ಗ ಹಿಡೀರಿ. ಕ್ಯಾಮೆರಾ 2 ಸೆಕೆಂಡಿಗೊಂದು ಫೋಟೊ ಮೋಡ್‌ನಾಗ ಇರಲಿ, ಮೂರು ಚಿತ್ರ ಬಂದ್ರ ಸಾಕು, ಎತ್ತಿ ಎರಡು ಮೀಟರ್ ಆಚೆ ಹೋಗ್ರಿ. ವಿಡಿಯೋಕಿಂತ ಫೋಟೊ ಮೇಲು. ಫ್ರೇಮ್ ಸೆಕೆಂಡಿಗೆ 30 ಸೆಂ.ಮೀ. ಜಾರ್ತಿದ್ರ 1/60 ಶಟರಿನಾಗ ಚಿತ್ರ 5 ಮಿ.ಮೀ. ಉಜ್ಜಿ ಹೋಗ್ತೈತಿ, 1/250ರಾಗ ಸುಮಾರು 1 ಮಿ.ಮೀ. ಅಷ್ಟ.

ದಾರ ತೆಳ್ಳಗ ಇರಲಿ ಅಂದದ್ದಕ್ಕ ಇನ್ನೊಂದು ಕಾರಣ. ತಳದಾಗ ಹಳೇ ಬಲೆ, ಗಿಡದ ಬೊಡ್ಡಿ ಬಾಳ. ಗುಂಡು ಸಿಕ್ಕಿಕೊಂಡ್ರ ದಾರ ಹರಿದು ಗುಂಡು ಮಾತ್ರ ಹೋಗಬೇಕು, ಕ್ಯಾಮೆರಾ ಮ್ಯಾಲ ಬರಬೇಕು.

ತೋರಣಗಲ್ಲು ವರ್ಕ್‌ಶಾಪ್:

ಸೀಸದ ಗುಂಡಿನ ಉಪಾಯ ಬರೀ ಫ್ರೇಮಿಗೆ ಸರಿ. ಶುದ್ಧ ನೀರಿನ ಪೆಟ್ಟಿಗೆಗೆ ಅಷ್ಟು ಎತ್ತರದಲ್ಲಿ ನಿಂತರೆ ಉಪಯೋಗವಿಲ್ಲ, ಅದರ ಹಲಗೆ ತಳಕ್ಕೆ 3-4 ಸೆಂ.ಮೀ. ಹತ್ತಿರ ಹೋಗಲೇಬೇಕು. ಅಗಲ ಹಲಗೆ ಇಳಿಯುವಾಗ ಕೆಳಗಿನ ನೀರನ್ನು ಪಕ್ಕಕ್ಕೆ ತಳ್ಳಿ ಹೂಳೆಬ್ಬಿಸುತ್ತದೆ. ಮೆತ್ತನೆ ಹೂಳಿಗೆ ಪೆಟ್ಟಿಗೆ ಹೊಂದದು ಎಂದು ಒಪ್ಪುತ್ತೇನೆ. ಮರಳು, ಗರಸು, ಕಲ್ಲು ತಳಕ್ಕೆ ಇಟ್ಟುಕೊಳ್ಳಿ. ಫೋಕಸ್ ವಿಷಯದಲ್ಲೂ ಹೂಳುಜರಡಿ ಅವರ ಮಾತೇ ಸರಿ, ಪೆಟ್ಟಿಗೆಯ ಎತ್ತರಕ್ಕೂ ಅದೇ ಕ್ಲೋಸಪ್ ಲೆನ್ಸ್ ಬೇಕಾಗುತ್ತದೆ.

ಅಳತೆಗೆ ಫ್ರೇಮ್ ತಳ ಮುಟ್ಟದಿದ್ದರೆ ಎರಡು ಹಸಿರು ಲೇಸರನ್ನು ಸಮಾನಾಂತರವಾಗಿ 10 ಸೆಂ.ಮೀ. ಅಂತರದಲ್ಲಿ ಕೂರಿಸಿ. ತಳದ ಮೇಲೆ ಬೀಳುವ ಎರಡು ಚುಕ್ಕೆಯ ನಡುವೆ ಯಾವ ಎತ್ತರದಲ್ಲೂ 10 ಸೆಂ.ಮೀ. ಸಮಾನಾಂತರ ಆಗಿದೆಯೇ ಎಂದು ಗೋಡೆಗೆ ಹಿಡಿದು ಅರ್ಧ ಮೀಟರಿನಲ್ಲೊಮ್ಮೆ, ಎರಡು ಮೀಟರಿನಲ್ಲೊಮ್ಮೆ ನೋಡಿ.

ರಾಯಚೂರು_ಹೂಳುಜರಡಿ:

ಎರೆ ಬೇಡ. ಸಮುದ್ರದಲ್ಲಿ ಎರೆ ಕಟ್ಟಿದ ವಿಡಿಯೋ ವಿಧಾನ ಚೆನ್ನಾಗಿ ನಡೆಯುತ್ತದೆ, ಆದರೆ ಅಲ್ಲಿ ಹಲವು ಮೀಟರ್ ಕಾಣುತ್ತದೆ. ಇಲ್ಲಿ 40 ಸೆಂ.ಮೀ. ಕಾಣುವಾಗ ಎರೆಗೆ ಬಂದ ಮೀನು ಮುಖ ಹತ್ತು ಬಾರಿ ತೋರಿಸಿದರೂ ಹತ್ತು ಮೀನೆಂದು ಬರೆಯುವ ಅಪಾಯ. ಅಲ್ಲದೆ ಎರೆಗೆ ಮೊಸಳೆ, ಆಮೆಯೂ ಬರುತ್ತವೆ. ಎರೆ ಇಲ್ಲದೆ 20 ನಿಮಿಷ ಒಂದೇ ಕಡೆ ಇಟ್ಟು, ವಿಡಿಯೋದ ಒಂದೇ ಚಿತ್ರದಲ್ಲಿ ಒಟ್ಟಿಗೆ ಕಂಡ ಅತಿ ಹೆಚ್ಚು ಸಂಖ್ಯೆಯನ್ನಷ್ಟೇ ಆ ಜಾತಿಯ ಲೆಕ್ಕವಾಗಿ ಬರೆಯಿರಿ.

ಹೊಂದಿಸುವುದು ಸುಲಭ. ಹೊರಡುವ ಮೊದಲು ಮೊಬೈಲಿನ ಜಿಪಿಎಸ್ ಆ್ಯಪ್‌ನಲ್ಲಿ ಸೆಕೆಂಡ್ ಸಮೇತ ಸಮಯ ತೋರುವ ಪರದೆಯ ಫೋಟೊವನ್ನು ಆ ಕ್ಯಾಮೆರಾದಲ್ಲೇ ತೆಗೆಯಿರಿ. ಕ್ಯಾಮೆರಾ ಗಡಿಯಾರ ಎಷ್ಟು ಹಿಂದೆ ಮುಂದೆ ಇದ್ದರೂ ಆ ಒಂದು ಚಿತ್ರದಿಂದ ಸರಿಪಡಿಸಬಹುದು. ಪ್ರತಿ ಇಳಿತಕ್ಕೂ ಮೊದಲು ಠಾಣೆ ಸಂಖ್ಯೆ ಬರೆದ ಹಲಗೆಯನ್ನು ಲೆನ್ಸಿಗೆ ತೋರಿಸಿ. ಚಿತ್ರ ಅಳೆಯಲು ಇಮೇಜ್‌ಜೆ ತಂತ್ರಾಂಶ ಉಚಿತ. ಸ್ಪಂಜಿನಂಥದ್ದನ್ನು ಒಂದೊಂದಾಗಿ ಎಣಿಸಲಾಗದು. ಚಿತ್ರದ ಮೇಲೆ 50 ಬಿಂದು ಎಲ್ಲೆಂದರಲ್ಲಿ ಬೀಳಿಸಿ, ಅದರಲ್ಲಿ ಎಷ್ಟು ಬಿಂದು ಸ್ಪಂಜಿನ ಮೇಲಿವೆ ನೋಡಿ ಶೇಕಡಾವಾರು ಹರವು ತೆಗೆಯಿರಿ.

ಮುನಿರಾಬಾದ್ ದಂಡೆ:

ಮೊಸಳಿ ಮಾತು ಬಂತು, ಅದಕ್ಕ ಇದೊಂದು. ಹಿನ್ನೀರಾಗ ಇಳಿಯಾಕ ತುಂಗಭದ್ರಾ ಮಂಡಳಿಯಿಂದ ಕಾಲೇಜಿನ ಪತ್ರ ಕೊಟ್ಟು ಬರಹದ ಅನುಮತಿ ತಗೊಳ್ರಿ. ಅಣೆಕಟ್ಟಿನ ಕೆಳಗ ಹೊಳಿಗೆ ಹೋಗೋ ವಿಚಾರ ಇದ್ರ, ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿ.ಮೀ. 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ, ಅಲ್ಲಿ ಅರಣ್ಯ ಇಲಾಖೆ ಅನುಮತಿ ಬೇಕೇ ಬೇಕು. ಗೇಟಿನಿಂದ ಯಾವಾಗ ನೀರು ಬಿಡ್ತಾರ ಅನ್ನೋದನ್ನ ಆ ದಿನ ಬೆಳಿಗ್ಗೆ ಕೇಳಿಕೊಂಡೇ ಇಳೀರಿ. ಹರಿಗೋಲಿನಾಗ ಎಲ್ಲರಿಗೂ ಲೈಫ್ ಜಾಕೆಟ್, ಹುಟ್ಟು ಹಾಕೋ ಅಣ್ಣಾರಿಗೂ. ಕ್ಯಾಮೆರಾ ಹಗ್ಗ ಕೈಗೆ, ಸೊಂಟಕ್ಕ ಯಾವತ್ತೂ ಸುತ್ತಿಕೊಳ್ಳಬ್ಯಾಡ್ರಿ.

ಮೊದಲ ದಿನ ಖಾಲಿ ಹೌಸಿಂಗ್ ಒಳಗ ಟಿಶ್ಯೂ ಪೇಪರ್ ಇಟ್ಟು 10 ಮೀಟರಿಗೆ ಹತ್ತು ನಿಮಿಷ ಇಳಿಸಿ ನೋಡ್ರಿ. ಓ-ರಿಂಗ್ (ಹೌಸಿಂಗ್ ಮುಚ್ಚಳದ ರಬ್ಬರ್ ಬಳಿ) ಮ್ಯಾಲ ಒಂದು ಕೂದಲೆಳಿ, ಒಂದು ಮರಳಿನ ಕಾಳು ಇದ್ರ ಸಾಕು ಸೋರಾಕ. ಹೌಸಿಂಗ್ ಜೋಡಿ ಬಂದ ಗ್ರೀಸ್ ಬಿಟ್ಟು ವ್ಯಾಸಲಿನ್ ಹಚ್ಚಬ್ಯಾಡ್ರಿ. ನಮ್ಮ ಬಿಸಿಲಿಗೆ ಮುಚ್ಚಿದ್ರ ಒಳಗಿನ ಬಿಸಿ ಗಾಳಿ ತಣ್ಣೀರಾಗ ಮಂಜು ಕಟ್ಟತೈತಿ, ಹಂಗಾಗಿ ನಸುಕಿನಾಗ ತಂಪು ಇದ್ದಾಗಲೇ ತೇವ ಹೀರೋ ಸಿಲಿಕಾ ಜೆಲ್ ಹಾಕಿ ಮುಚ್ಚಿ, ಇಳಿಸೋ ತನಕ ಒದ್ದಿ ಅರಿವಿಯಾಗ ಸುತ್ತಿ ನೆರಳಿಗಿಡ್ರಿ.